ನಾಲ್ಕು ಪಟ್ಟು

ಬೋರಾ ಬಜಾರಿನ ಒಳಗಲ್ಲಿಯಲ್ಲಿ, ಮೆಟ್ಟಿಲ ಕೆಳಗೆ,
ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದ ಅಂಗಡಿ.
ಅಪ್ಪನ ಕಾಲದಿಂದ ಇಲ್ಲಿ ಗಾಜು ಒರೆಸುತ್ತೇವೆ:
ದುರ್ಬೀನು, ಕ್ಯಾಮೆರಾ, ಹಡಗಿನವರ ಸೆಕ್ಸ್‌ಟಂಟು.
ಜುಲೈ ಬಂತೆಂದರೆ ಮುಂಬಯಿಯ ಗಾಜಿಗೆಲ್ಲ ಬೂಷ್ಟು.
ನನ್ನ ಅನ್ನ ಅದು. ಮಳೆಗೆ ಬೈಯುವ ಹಕ್ಕು ನನಗಿಲ್ಲ.

ಪಾವ್ರಿ ಮುದುಕರು ಬಂದರು, ಮೊಮ್ಮಗಳ ತೋಳು ಹಿಡಿದು.
ಟವೆಲಿನ ಸುತ್ತು ಬಿಚ್ಚಿದರೆ ಉಕ್ಕಿನ ಕೊಳವೆ,
ಬಂದೂಕಿನ ಮೇಲೆ ಕೂರುವ ಹಳೇ ಜರ್ಮನ್ ಸ್ಕೋಪು, ನಾಲ್ಕು ಪಟ್ಟು,
ಕಪ್ಪು ಸವೆದ ಕಡೆ ಬೆಳ್ಳಗೆ, ಮುದುಕರ ಹುಬ್ಬಿನ ಹಾಗೆ.
"ಐವತ್ತೆಂಟರಲ್ಲಿ..." ಎಂದು ಶುರುಮಾಡಿ
ಅಲ್ಲಿಗೇ ಬಿಟ್ಟರು.

ಜೀನಿಯಾಗೆ ಹತ್ತೊಂಬತ್ತು. ವರ್ಲಿಯ ರೇಂಜಿನಲ್ಲಿ
ಐವತ್ತು ಮೀಟರು ದೂರದ ಕಾಗದಕ್ಕೆ ಗುರಿಯಿಡುತ್ತಾಳೆ.
ಅವಳ ಮೊಬೈಲಿನಲ್ಲಿ ಬೇರೊಂದು: ಇಪ್ಪತ್ತನಾಲ್ಕು ಪಟ್ಟು,
ಪಕ್ಕಕ್ಕೊಂದು ತಿರುಪು, ಕೂದಲೆಳೆಯಷ್ಟೇ ಅಡ್ಡಗೆರೆ,
ಬೆಲೆ, ನನ್ನ ಮೂರು ಮಳೆಗಾಲ.
"ತಾತ ಇದನ್ನೇ ಹಾಕು ಅಂತಾರೆ, ಪಟ್ಟು ಬಿಡೋದಿಲ್ಲ.
ಕಾಚ್‌ವಾಲೀ, ನೀನೇ ಹೇಳು."

ಹೇಳಿದೆ, ಗೊತ್ತಿದ್ದಷ್ಟು.
ಜಿಂಕೆಗಾದರೆ ನಾಲ್ಕು ಸಾಕು, ಮಗಳೇ.
ಅದು ಬರುವುದೇ ಹೊತ್ತು ಮುಳುಗುವಾಗ, ಬಂದರೂ ನಿಲ್ಲುವುದಿಲ್ಲ.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಬೇಕಂತೆ
(ಗಾಜಿಗೆ ಮಾತ್ರ ಎಣ್ಣೆ ತಾಕಬಾರದು).
ಸುತ್ತಿನ ಪೊದೆ ಕಾಣಬೇಕು, ಹಿಂದೆ ಮರಿಯಿದ್ದರೆ ಕಾಣಬೇಕು.
ಅಗಲ ಬೇಕು, ಬೆಳಕು ಬೇಕು, ಗೆರೆ ದಪ್ಪ ಬೇಕು.
ಕಾಗದ ಎಲ್ಲಿಗೂ ಓಡದು. ಅದಕ್ಕೆ ಮರಿಯಿಲ್ಲ.
ಎಷ್ಟು ಹತ್ತಿರ ಎಳೆದರೂ ಕೇಳುವವರಿಲ್ಲ.
ಆದರೆ ಇಪ್ಪತ್ತನಾಲ್ಕಕ್ಕೆ ಏರಿಸಿದೆಯೋ,
ಗುರಿಯ ಜೊತೆ ನಿನ್ನ ನಾಡಿಯೂ ಹಿಗ್ಗುತ್ತದೆ,
ಬಡಿತಕ್ಕೊಂದು ಸಲ ಗೆರೆ ಕುಪ್ಪಳಿಸುತ್ತದೆ.
ತಾಳಿಕೊಳ್ಳುತ್ತೀಯಾ?

"ನನ್ನದೇ ಎದೆ ತಾನೆ," ಅಂದಳು.

ಗಲ್ಲಿಯತ್ತ ತಿರುಗಿಸಿ ಹಳೆಯದನ್ನು ಕಣ್ಣಿಗಿಟ್ಟೆ.
ಮೂರನೇ ಮಾಳಿಗೆಯಲ್ಲಿ ಒಬ್ಬಾಕೆ
ಶಾಲೆಯ ಅಂಗಿ ಹಿಂಡಿ ತಂತಿಗೆ ಹಾಕುತ್ತಿದ್ದಾಳೆ,
ಮಂಜಿನೊಳಗಿನಿಂದ ದಪ್ಪ ಕಂಬವೊಂದು ಬಂದು
ಅವಳ ಕುತ್ತಿಗೆಯ ಕೆಳಗೆ ನಿಂತಿತು.
ತಟ್ಟನೆ ನೀರಿನ ಟಾಂಕಿಗೆ ಸರಿಸಿದೆ.
ಮನುಷ್ಯರ ಮೇಲೆ ಹಿಡಿಯಬೇಡ, ಬಂದೂಕಿಲ್ಲದಿದ್ದರೂ:
ಅಪ್ಪ ಕಲಿಸಿದ ಮೊದಲ ಪಾಠ. ಮರೆತಿದ್ದೆ.

ಹಿಂದಿನ ಉಂಗುರ ತಿರುಗಿಸಿ, ಗಾಜು ತೆಗೆದು
ದೀಪಕ್ಕೆ ಹಿಡಿದೆ. ಬೂಷ್ಟೇನೋ ಸರಿ,
ಅಂಚಿನಲ್ಲಿ ಹುಟ್ಟಿ ನಡುವಿಗೆ ಏರಿದೆ,
ಕವಲು, ಕವಲಿಗೆ ಕವಲು, ತುದಿಗೆ ಬಿಳಿಯ ಮೊನೆ.
ನಾನು ಕಾಡು ಕಂಡವಳಲ್ಲ; ಬೊರಿವಲಿಯ ಪಾರ್ಕಿನಲ್ಲಿ
ಶಾಲೆಯವರು ಒಮ್ಮೆ ಬೇಲಿಯಾಚೆ ತೋರಿಸಿದ್ದರು.
ಆದರೂ ಯಾರೂ ಹೇಳಿಕೊಡಬೇಕಾಗಲಿಲ್ಲ.

ಮುದುಕರು ಈಸಿಕೊಂಡು ನೋಡಿದರು, ಬಹಳ ಹೊತ್ತು.
"ಸಾಂಬರ್," ಅಂದರು. ಆಮೇಲೆ ಗುಜರಾತಿಯಲ್ಲಿ
ಮೆಲ್ಲಗೆ ಏನೋ, ನನಗಲ್ಲ, ಅವಳಿಗೂ ಅಲ್ಲ.
"ಬಿತ್ತಾ ಅದು, ತಾತಾ?"
ಮಳೆ ತಗಡಿನ ಮೇಲೆ ಸುರಿಯುತ್ತಿತ್ತು.

ನಾನು ಬಾಟಲಿಯ ಬಿರಡೆ ತೆಗೆದಿದ್ದೆ, ಹತ್ತಿ ಕೈಯಲ್ಲಿತ್ತು.
ತಡೆದರು. ಬೇಡ, ಹಾಗೇ ಮುಚ್ಚು.
"ಬಿಟ್ಟರೆ ಗಾಜನ್ನೇ ತಿನ್ನುತ್ತದೆ, ಸಾಹೇಬರೇ."
"ತಿನ್ನಲಿ," ಅಂದರು. "ನಾವೂ ತಿಂದಿದ್ದೆವು."

ಬಿಚ್ಚಿ ಮುಚ್ಚಿದ್ದಕ್ಕೆ ಇನ್ನೂರು ತೆಗೆದುಕೊಂಡೆ.
ಜೀನಿಯಾ ಮೊಬೈಲನ್ನು ಕಿಸೆಗೆ ಹಾಕಿದಳು, ಮತ್ತೆ ತೆಗೆದಳು, ಮತ್ತೆ ಹಾಕಿದಳು.
ಕೊಡೆ ಒಂದೇ, ಇಬ್ಬರೂ ಅರ್ಧರ್ಧ ನೆನೆಯುತ್ತ ಹೋದರು,
ಅವರ ಕಂಕುಳಲ್ಲಿ ಟವೆಲು, ಟವೆಲಿನೊಳಗೆ ಅದು.
ತಿರುವಿನವರೆಗೆ ನೋಡಿದೆ,
ಬರಿಗಣ್ಣಿಗೆ ಕಂಡಷ್ಟು.