ಹನ್ನೊಂದನೇದಾಕಿ ಹೇಳಿದ ದಾರಿ

ಕೂಡು ಜುಲೇಖಾ, ರವಿವಾರದ ರೇಸಿನ ದಾರಿ ಹೇಳತೇನಿ.
ನಕಾಶೆ ನಿನ್ನ ಫೋನಿನ್ಯಾಗ ಐತಿ, ಗೊತ್ತು.
ಅದರಾಗ ಗಾಳಿ ಇಲ್ಲ.

ಗದಗ ಬಿಟ್ಟು ಪಾಪನಾಶಿ ದಾಟೂತನಕ
ಯಾರೂ ಗೆಲ್ಲೂದಿಲ್ಲ.
ಮಂದಿ ಬೆನ್ನಿನ ಹಿಂದ ಅಡಗು.
ಬಿಜಾಪುರದ ಹುಡುಗ್ಯಾರು ಮುಂದ ಎಳೀತಾರ,
ಎಳೀಲಿ, ಅವರಿಗೆ ಚಟ.
ಎರಿ ಹೊಲ ಮುಗದು ಮಸಾರಿ ಚಾಲೂ ಆತಂದ್ರ
ಗುಡ್ಡಕ್ಕ ನಿನ್ನ ಸುದ್ದಿ ಮುಟ್ಟೇತಿ ಅಂತ ತಿಳಕೋ.
ಒಂದು ಗುಟುಕು ಕುಡಿ. ಒಂದಽ.

ಡಂಬಳದ ಕೆರಿ ಕಡಿಂದ ಗಾಳಿ ಅಡ್ಡ ಬರ್ತೈತಿ,
ಒಣಗಾಕಿದ ಸೀರಿ ಜಗ್ಗಿದಂಗ ಜಗ್ಗತೈತಿ ನಿನ್ನ.
ಹ್ಯಾಂಡಲ್ ಬಿಗಿ ಹಿಡೀಬ್ಯಾಡ.
ನಿದ್ದಿ ಹತ್ತಿದ ಕೂಸಿನ ಕೈ ಹಿಡದಂಗ ಹಿಡಿ.

ಆಮ್ಯಾಲೆ ಡೋಣಿ.
ಆಮ್ಯಾಲೆ ಏರು.
ಮೊದಲನೇ ತಿರುವಿಗೆ ಇಪ್ಪತ್ಮೂರು ಹಲ್ಲಿನ ಗಾಲಿಗೆ ಹಾಕು,
ಎರಡನೇದಕ್ಕ ಇಪ್ಪತ್ತೆಂಟು.
ಮೂರನೇದಕ್ಕ ಸೈಕಲ್ಲಿನ್ಯಾಗ ಹಲ್ಲಿಲ್ಲ,
ನಿನ್ನ ಬಾಯಾಗಿನವಽ ಕಡಿ.

ಮ್ಯಾಲ ಫ್ಯಾನ್ ನೋಡಬ್ಯಾಡ.
ಅವು ತಿರಗೂದು ನೋಡಿದ್ರ
ನೀ ನಿಂತಂಗ ಅನಸತೈತಿ.
ನಾ ಹೆಸ್ಕಾಂ ಮೀಟರ್ ಓದಾಕಿ, ಕೇಳು:
ಅವು ತಿರಗಿದ್ದಕ್ಕ ಯೂನಿಟ್ ಲೆಕ್ಕ ಐತಿ,
ನಿನ್ನ ತೊಡಿ ತಿರಗಿದ್ದಕ್ಕ
ಯಾ ಕಚೇರಿಯಾಗೂ ರೀಡಿಂಗ್ ಇಲ್ಲ.

ತುದಿಯಾಗ ಬಾದಿ ಹುಲ್ಲಿನ ವಾಸನಿ ಬರ್ತೈತಿ.
ಅಲ್ಲಿಂದ ಇಳಿಜಾರು.
ಅದರ ಮಾತು ಅಸುಂಡಿ ಸರ್ ನಿನಗ ಹೇಳಿರೂದಿಲ್ಲ.
ನಾವೆಲ್ಲಾ ಇಳದ್ವಿ, ಅವರ ಸಿಟ್ಟು ಇಳದಿಲ್ಲ.

ಹತ್ತೊಂಬತ್ತು ವರ್ಷದ ಹಿಂದ
ಆ ಇಳಿಜಾರಿನ್ಯಾಗ ನಾ ಮುಂದಿದ್ದೆ.
ಹಿಂದ ನಾಕ ಮಂದಿ,
ಅವರ ಚೈನಿನ ಸಪ್ಪಳ ನನ್ನ ಕಿವಿಯಾಗ.
ಬಲಕ್ಕ ಕೊಟ್ರಗೌಡ್ರ ದ್ರಾಕ್ಷಿ ತೋಟ,
ಕಲ್ಲಿನ ಕಂಬ, ತಂತಿ, ಗುಡ್ಡದ ಮೈಗೆ ಹೊಲಿಗಿ ಹಾಕಿದಂಗ.
ವೈನಿನ ಕಂಪನಿಗೆ ಅಂತ ಹಚ್ಚಿದ್ದು,
ಊರ ಮಂದಿ ಸೆರೇದ ತೋಟ ಅಂತಿದ್ರು.

ತಿರುವು ದಾಟೇನಿ, ಟೆಂಪೋ ನಿಂತೇತಿ.
ಹಿಂದಿನ ಫಳಿ ಕಿತ್ತು
ಬುಟ್ಟಿ ಎಲ್ಲಾ ರಸ್ತಾದಾಗ.
ಡಾಂಬರ್ ಯಾವುದು ಹಣ್ಣು ಯಾವುದು, ಎರಡೂ ಕರ್ರಗ.
ನಡುವ ಒಬ್ಬಾಕಿ ಕುಂತು
ಉಡಿಗೆ ಬಳಕೊಳ್ಳಾಕ ಹತ್ತಿದ್ಲು,
ಮಾರಿ ಎತ್ತಲಿಲ್ಲ.

ಬೆರಳು ಬ್ರೇಕ್ ಹಿಡದ್ವು.
ನಾ ಹೇಳಿರಲಿಲ್ಲ.

ನಾಕ ಮಂದಿ ಎಡಕ್ಕ ಬಲಕ್ಕ ಹಾದು ಹೋದ್ರು.
ಪಟಪಟ ಅಂದ್ವು ಹಣ್ಣು,
ನನ್ನ ಮೊಣಕಾಲತನಕ ರಸ.
ಹಿಂದಿಂದ ಇನ್ನೊಂದು ಗುಂಪು ಬಂತು, ಅದೂ ಹೋತು.
ಆಕಿ ಆಗ ನೋಡಿದ್ಲು:
"ನೀ ಯಾಕ ನಿಂತಿ? ಹಣ್ಣು ನಿಂದೇನು?"
ಅಂದು, ಒಂದು ಗೊನಿ ತೊಗೊಂಡು
ನನ್ನ ಅಂಗಿಯ ಹಿಂದಿನ ಕಿಸೆದಾಗ ತುರುಕಿದ್ಲು.

ಶಿರಹಟ್ಟಿ ಮುಟ್ಟಿದಾಗ ಹನ್ನೊಂದನೇದಾಕಿ ನಾನು.
ಕೊರಳಾಗ ಏನಿಲ್ಲ,
ಬೆನ್ನು ಪೂರಾ ಅಂಟಂಟು.

ಹಾಸ್ಟೆಲ್ ಕೋಲಿಯಾಗ ಮೂರು ದಿನ
ನನ್ನ ಟಯರ್ ಹುಳಿ ವಾಸನಿ ಹೊಡೀತು.
ವಾರ್ಡನ್ ಬಾಯಿ ಒಬ್ಬೊಬ್ಬರ ಬಾಯಿ ಮೂಸಿದ್ಲು,
ಯಾಕಿ ಕುಡದಾಳ ಹೇಳ್ರಿ ಅಂತ.
ಯಾರೂ ಕುಡದಿರಲಿಲ್ಲ.
ಸೈಕಲ್ ಕುಡದಿತ್ತು.

ಈಗ ತಿಂಗಳಿಗೊಮ್ಮೆ ಆ ತೋಟಕ್ಕ ಹೋಗತೇನಿ,
ಪ್ಯಾಕಿಂಗ್ ಶೆಡ್ಡಿನ ಮೀಟರ್ ಓದಾಕ.
ಆಕಿ ಅಲ್ಲೇ ಅದಾಳ, ಕೂದಲು ಬೆಳ್ಳಗಾಗ್ಯಾವು.
ಬಿಲ್ ಇಸಗೊಂಡು ಉಡಿಯಾಗ ಸಿಗಸ್ತಾಳ.
ಗುರುತು ಹಿಡದಿಲ್ಲ.
ನಾನೂ ಹೇಳಿಲ್ಲ.

ಏನು ಕೇಳತಿ? ಬ್ರೇಕ್ ಹಿಡೀಲ್ಯೋ ಬ್ಯಾಡೋ?
ಬೆರಳು ನಿನ್ನವು, ನನ್ನ ಯಾಕ ಕೇಳತಿ.
ಬ್ರೇಕಿನ ರಬ್ಬರ್ ಮಾತ್ರ ಶನಿವಾರ ತೋರಸು,
ಹಳೇ ಬಸ್ ಸ್ಟ್ಯಾಂಡ್ ಹಿಂದ, ಮಾಬುಸಾಬನ ಅಂಗಡಿಯಾಗ.
ರೊಕ್ಕ ಕೇಳಿದ್ರ ನನ್ನ ಹೆಸರು ಹೇಳಬ್ಯಾಡ, ತಿಳಿಯಂಗಿಲ್ಲ ಅವಗ.
ಹನ್ನೊಂದನೇದಾಕಿ ಕಳಿಸ್ಯಾಳ ಅನ್ನು.