ಸೊನ್ನೆಯ ಎದುರಿಗೆ

ಕೆಮಿ ಬಂದರಿನ ಕಚೇರಿ. ಹೊರಗೆ ಕಡಲು ಕಲ್ಲು.
ತೌನೊ ಬಾಣದ ಗುರುತು ಒತ್ತಿದ, ಪಟ್ಟಿ ಇಳಿಯಿತು:
ಐಸ್‌ಟೈಪ್_೧, ಐಸ್‌ಟೈಪ್_೨, ಐಸ್‌ಟೈಪ್_೩...
"ಇದೇನಮ್ಮಾ, ಮಂಜುಗಡ್ಡೆಗೂ ಕೈದಿ ನಂಬರೇ?"

ಹಿಲ್ಕ ನಕ್ಕಳು. "ಅದು ಕೋಡಿನೊಳಗಿನ ಹೆಸರು, ಅಲ್ಲೇ ಇರಲಿ.
ನೆತ್ತಿಯ ಮೇಲೊಂದು ಸಾಲು ಬರೆಯುತ್ತೇನೆ,
ಪರದೆಗೆ ಬರುವುದು ಅದು. ನೀವು ಹೇಳಿ."

ಮೂವತ್ತೊಂದು ಚಳಿಗಾಲ ಹಿಮ ಸೀಳುವ ಹಡಗಿನಲ್ಲಿದ್ದವನು
ಕಾಫಿ ಆರುವವರೆಗೂ ಹೇಳಿದ:

ಹಾಲಿನ ಕೆನೆ, ಈಗಷ್ಟೇ ಕಟ್ಟಿದ್ದು.
ನಾಯಿ ದಾಟೀತು, ನೀನು ಬೇಡ.
ಒಂದರ ಮೇಲೊಂದು ಹತ್ತಿ ಕೂತದ್ದು, ಹಡಗು ಬಳಸಿ ಹೋಗಲಿ.
ಮೇಲೆ ಬಿಳಿ, ಒಳಗಾಗಲೇ ಏಪ್ರಿಲ್.

ಕೊನೆಗುಳಿದದ್ದು ಸೊನ್ನೆ.
"ಇದಕ್ಕೆ 'ತಿಳಿಯದು' ಅನ್ನಲೇ?"

ತೌನೊ ಕಿಟಕಿಯತ್ತ ನೋಡಿದ.
ಗೂಟದಿಂದ ಕೋಟು ತೆಗೆದ.
"ಊಹೂಂ. 'ಹೋಗಿ ನೋಡಬೇಕು' ಅಂತ ಬರಿ."