ಹದಿನೈದು ನಿಮಿಷ ಫ್ರೀ

ಲಗ್ಗೆರೆ ಬ್ರಿಡ್ಜ್ ಇಳಿದು ಎಡಕ್ಕೆ,
ಷಟರು ಅರ್ಧ ಎಳೆದ ನನ್ನ ಅಂಗಡಿ.
ಆರು ಮಷೀನು, ಐದು ಹೆಡ್‌ಸೆಟ್ಟು,
ಗಂಟೆಗೆ ಮೂವತ್ತು ರೂಪಾಯಿ.
ಮುಂಚೆ ಇಲ್ಲಿ ಜೆರಾಕ್ಸು, ಆದಾಯ ಪತ್ರ, ರಿಸಲ್ಟು.
ಈಗ ಸಂಜೆ ಐದಾದರೆ ಯುದ್ಧ.

ಬೈಗುಳ ನನಗೆ ಹೊಸದಲ್ಲ.
ನಾಲ್ಕು ವರ್ಷ ಪೀಣ್ಯದ ಗಾರ್ಮೆಂಟಿನಲ್ಲಿ
ಕಾಲರಿಗೆ ಹೊಲಿಗೆ ಹಾಕುತ್ತ ಕೇಳಿದ್ದೇನೆ.
ಸೂಪರ್‌ವೈಸರ್ ಬಾಯಿಗೆ
ಮ್ಯೂಟ್ ಬಟನ್ ಇರಲಿಲ್ಲ.

ಆದರೆ ಇವು ಹದಿಮೂರು ವರ್ಷದ ಬಾಯಿಗಳು.
ಯಾವುದೋ ಊರಿನ ಯಾರೋ ಹುಡುಗಿ
ಮೈಕಿನಲ್ಲಿ ‘ಹಲೋ’ ಅಂದರೆ ಸಾಕು,
ಕನ್ನಡ, ತಮಿಳು, ಉರ್ದು, ತೆಲುಗು
ನಾಲ್ಕೂ ಒಂದಾಗಿ ಮೇಲೆ ಬೀಳುತ್ತಿದ್ದವು.
ಈ ಊರಿನಲ್ಲಿ ಭಾಷೆಗಳ ನಡುವೆ
ಅಷ್ಟು ಒಗ್ಗಟ್ಟು ಬೇರೆಲ್ಲೂ ಕಂಡಿಲ್ಲ ನಾನು.

ಗೋಡೆಗೆ ಚೀಟಿ ಅಂಟಿಸಿದೆ:
ಬೈದರೆ ಹತ್ತು ರೂಪಾಯಿ ದಂಡ.
ಡೆನ್ಜಿಲ್ ಓದಿದ. ಐವತ್ತರ ನೋಟು ಕೌಂಟರಿನ ಮೇಲಿಟ್ಟ.
‘ಐದು ಇದೆ ಆಂಟಿ, ಲೆಕ್ಕ ಇಟ್ಕೊಳಿ.’
ಏಳು ಗಂಟೆಯೊಳಗೆ ಮೂರು ಮುಗಿಸಿದ.

ಪಕ್ಕದಲ್ಲೇ ಇನ್ನೊಂದು ಚೀಟಿ:
ಬಿದ್ದವರನ್ನು ಎಬ್ಬಿಸಿದವರಿಗೆ
ಹದಿನೈದು ನಿಮಿಷ ಫ್ರೀ.

ಮಾರನೇ ದಿನ ಅಂಗಡಿ ತುಂಬ ಧರ್ಮಾತ್ಮರು.
ಮುನೇಶ ಬೇಕಂತಲೇ ಜಾಫರನಿಗೆ ಗುಂಡು ಹೊಡೆಯುವುದು,
ಓಡಿಹೋಗಿ ಮಂಡಿಯೂರಿ ಎಬ್ಬಿಸುವುದು,
ನನ್ನ ಕಡೆ ತಿರುಗಿ ಹಲ್ಲು ಕಿರಿಯುವುದು.
ಆಮೇಲೆ ಜಾಫರನ ಪಾಳಿ.
ಆ ವಾರ ಕರೆಂಟು ಬಿಲ್ಲಿನ ದುಡ್ಡೂ ಹುಟ್ಟಲಿಲ್ಲ.
‘ಒಳ್ಳೇತನಕ್ಕೆ ರೇಟು ಹಾಕಿದ್ರೆ
ಕಲಬೆರಕೆ ಬರದೆ ಇರತ್ತಾ?’ ನನ್ನ ತಂಗಿ ನಕ್ಕಳು.
ಚೀಟಿ ಕೀಳಬೇಕು ಅಂದುಕೊಂಡೆ. ಗಿರಾಕಿ ಬಂದ, ಮರೆತೆ.

ಐದನೇ ಮಷೀನಿನಲ್ಲಿ ಶಿಫಾ,
ಪಂಕ್ಚರ್ ಅಂಗಡಿ ಬಾಬುಸಾಬರ ಮೊಮ್ಮಗಳು.
ಆಟದೊಳಗೆ ಅವಳ ಹೆಸರು ಕಿಂಗ್ ನಲವತ್ತೇಳು.
ಒಂದು ದಿನವೂ ಮೈಕ್ ಆನ್ ಮಾಡಿದವಳಲ್ಲ.
ಆ ಶನಿವಾರ ಯಾರೋ ಹುಡುಗಿಗೆ ಡೆನ್ಜಿಲ್
ನಾಲ್ಕನೆಯದನ್ನು ಬಿಟ್ಟಾಗ
ಇವಳು ಹೆಡ್‌ಸೆಟ್ ತೆಗೆದು
ಮೇಜಿನ ಮೇಲೆ ಮಗುಚಿಟ್ಟಳು, ಮಾತಿಲ್ಲದೆ,
ಉಂಡು ಮುಗಿಸಿದ ತಟ್ಟೆಯ ಹಾಗೆ.

ನಾನೇನು ಭಾಷಣ ಮಾಡಲಿಲ್ಲ.
ಅವನನ್ನು ಆರನೆಯದಕ್ಕೆ ಎಬ್ಬಿಸಿ ಕೂರಿಸಿದೆ.
ಹೆಡ್‌ಸೆಟ್ ಇಲ್ಲದ ಮಷೀನು.
ಒಂದು ವಾರ ಅಲ್ಲೇ. ಬೇಡವಾದರೆ ಬಾಗಿಲು ಅಲ್ಲಿದೆ.
ಗೊಣಗಿದ. ಕೂತ.

ಕಿವಿ ಮುಚ್ಚಿದ ಮೇಲೆ ಕಣ್ಣು ತೆರೆಯಿತೋ ಏನೋ,
ಬುಧವಾರ ಶಿಫಾ ಬಿದ್ದಳು,
ಗೋಡೌನಿನ ಮೆಟ್ಟಿಲ ಕೆಳಗೆ ತೆವಳುತ್ತಿದ್ದಳು.
ಗೆಲುವು ಇವನ ಮುಂದೆ ನಾಲ್ಕೇ ಹೆಜ್ಜೆ.
ತಿರುಗಿದ.
‘ಎಡಕ್ಕೆ, ಎಡಕ್ಕೆ, ಡ್ರಮ್ಮಿನ ಹಿಂದೆ’
ಮೈಕಿಲ್ಲದ ಬಾಯಿಂದ, ಪಕ್ಕದ ಕುರ್ಚಿಗೆ.
ಮಂಡಿಯೂರಿದ. ಹಸಿರು ಪಟ್ಟಿ
ಬಿಂದಿಗೆಗೆ ಸಣ್ಣ ನಲ್ಲಿಯ ನೀರಿನಂತೆ
ನಿಧಾನ ತುಂಬುತ್ತಿತ್ತು. ಅವಳು ಎದ್ದಳು.
ಅಷ್ಟರಲ್ಲಿ ಹಿಂದಿನಿಂದ ಇವನಿಗೆ ಗುಂಡು.
ಸೋತರು, ಇಬ್ಬರೂ.

ನಾನು ಕಾದೆ. ಅವನು ನನ್ನ ಕಡೆ ತಿರುಗಲಿಲ್ಲ.
ಪುಸ್ತಕದಲ್ಲಿ ಅವನ ಹೆಸರಿನ ಮುಂದೆ
ಹದಿನೈದು ಅಂತ ಬರೆದೆ. ಇವತ್ತಿಗೂ ಕೇಳಿಲ್ಲ.
ಒಳ್ಳೆಯವನಾದನೋ,
ಹೆಡ್‌ಸೆಟ್ ವಾಪಸ್ ಬೇಕಾಗಿತ್ತೋ,
ನನಗೆ ಗೊತ್ತಿಲ್ಲ, ಅವನಿಗೂ ಇರಲಾರದು.

ಮೊನ್ನೆ ಕೊನೇ ರೌಂಡಿನಲ್ಲಿ ಕರೆಂಟು ಹೋಯಿತು.
ಆರೂ ಪರದೆ ಕಪ್ಪು. ಯುಪಿಎಸ್ ಕುಂಯ್ಗುಟ್ಟಿತು.
ಕತ್ತಲೆಯಲ್ಲಿ ಎಲ್ಲರೂ ಡೆನ್ಜಿಲ್‌ಗೆ ಕಾದರು.
ಬಾಯಿ ತೆರೆದ. ಉಸಿರು ಎಳೆದುಕೊಂಡ.
‘ಆಂಟಿ, ನಂದು ಎಷ್ಟು ಬಾಕಿ ಇದೆ?’

ಒಂದು ಅಂದೆ.

‘ಇರಲಿ’ ಅಂದ.
ಶಿಫಾ ಪಕ್ ಅಂತ ನಕ್ಕಳು.
ಅವಳ ಧ್ವನಿ ಈ ಅಂಗಡಿಯಲ್ಲಿ
ಮೊದಲ ಸಲ ಕೇಳಿದ್ದು ಆಗಲೇ.